ಸೀಗಿ ಹುಣ್ಣಿವೆಯ ಕಾಲವೂ ನಮ್ಮ ಮಕ್ಕಳೂ



ಹಸ್ತದ ಮಳೆ ತೀರಿ ಚಿತ್ತಿಯ ಮಳೆಯು ನಾಲ್ಕು ಹನಿ ಉದುರಿಸಿ ಹೋಗುವ ಕಾಲದಲ್ಲಿ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕುಗಳ ಸೀಮೆಯು ವರುಷದ ಬೇರೆ ಯಾವ ತಿಂಗಳಿನಲ್ಲಿಯೂ ಇಲ್ಲದಷ್ಟು ಚೆಲುವಾಗಿರುವದು. ಹಾನಗಲ್ಲಿನ ಕಡೆಗೆ ಭತ್ತದ ಗದ್ದೆಗಳು ತೆನೆ ತುಂಬಿ ಬಾಗುವವು. ಸವಣೂರಿನ ಎರೆಹೊಲಗಳಲ್ಲಿ ಹತ್ತಿಯು ಹೂಕಾಯಿಗೆ ಬಂದಿರುವದು. ಮುಂಚೆ ಜೋಳ ಬಿತ್ತುತ್ತಿದ್ದ ಎಷ್ಟೋ ಹೊಲಗಳಲ್ಲಿ ಈಗ ಗೋವಿನಜೋಳವು ಆಳೆತ್ತರ ನಿಂತು ಒಣಗುತ್ತಿರುವದು. ನಮ್ಮ ಹಿರಿಯರು ಶರದೃತುವೆಂದು ಕರೆದದ್ದು ಈ ಆಶ್ವಿನ ಕಾರ್ತಿಕ ಮಾಸಗಳನ್ನೇ. ಇಂಥ ಕಾಲದಲ್ಲಿ ನಮ್ಮ ಸಭೆಗಳ ಮಕ್ಕಳು ಎಲ್ಲಿರುತ್ತಾರೆ, ಏನು ಮಾಡುತ್ತಾರೆ ಎಂಬದನ್ನು ಈ ತಿಂಗಳಿನ ಪಾಠದಲ್ಲಿ ವಿಚಾರಿಸೋಣ.

ಕೆಲವು ವರುಷಗಳ ಕೆಳಗೆ ಸೀಗಿ ಹುಣ್ಣಿವೆಯ ದಿವಸ ಹಿರೇಕೆರೂರು ತಾಲೂಕಿನ ಒಂದು ಹಳ್ಳಿಯಲ್ಲಿ ನಮ್ಮವರ ಮನೆಯೊಂದಕ್ಕೆ ಹೋಗಿದ್ದೆವು. ಬೀದಿಯಲ್ಲಿ ಚಕ್ಕಡಿಗಳೂ ಟ್ರ್ಯಾಕ್ಟರುಗಳೂ ಒಂದರ ಹಿಂದೊಂದು ಹೊಲಗಳಿಗೆ ಹೊರಟಿದ್ದವು. ಬುತ್ತಿಯ ಗಂಟುಗಳನ್ನು ಮಡಿಲಲ್ಲಿಟ್ಟುಕೊಂಡು ಹೆಂಗಸರೂ ಅವರ ಸುತ್ತಲೂ ಮಕ್ಕಳೂ ಕೂತಿದ್ದರು. ಆ ಮನೆಯ ಹುಡುಗಿ, ಏಳೆಂಟು ವರುಷದವಳು, ಹೊಸ್ತಿಲಲ್ಲಿ ನಿಂತು ಎಲ್ಲವನ್ನೂ ನೋಡಿ ತಂದೆಯ ಕಡೆಗೆ ತಿರುಗಿ, “ಅಪ್ಪಾ, ನಮಗೂ ಹೊಲ ಐತಲ್ಲ, ನಾವ್ಯಾಕ ಹೋಗಂಗಿಲ್ಲ?” ಎಂದು ಕೇಳಿದಳು. “ಅದು ಅವರ ಹಬ್ಬವ್ವಾ, ನಮ್ಮದಲ್ಲ” ಎಂದು ತಂದೆಯು ಬಾಗಿಲನ್ನು ಮುಂದೆ ಮಾಡಿದನು. ಆ ಹೊತ್ತಿಗೆ ನಾವೂ ಆತನ ದೃಢತೆಯನ್ನು ಮೆಚ್ಚಿಯೇ ಮಾತಾಡಿದೆವು. ತಿರುಗಿ ಬರುವಾಗ ದಾರಿಯುದ್ದಕ್ಕೂ ಆ ಹುಡುಗಿಯ ಮುಖವು ನಮ್ಮನ್ನು ಬಿಡಲಿಲ್ಲ.

ಆ ದಿವಸ ಹೊಲದಲ್ಲಿ ನಡೆಯುವದೇನು? ನೆರೆಹೊರೆಯವರು ತೆನೆಗಟ್ಟುತ್ತಿರುವ ಬೆಳೆಯನ್ನು ಬಸುರಿಯೆಂದೆಣಿಸಿ, ಬಯಕೆಯ ಊಟವೆಂಬಂತೆ ನೈವೇದ್ಯ ಮಾಡಿ, ಹೊಲದ ನಾಲ್ಕೂ ಕಡೆಗೆ ಚರಗ ಚೆಲ್ಲುವರು. ಅವರ ಪೂಜೆ ಅವರಿಗೆ ಸೇರಿದ್ದು. ನಾವು ಅದನ್ನು ಹಾಸ್ಯ ಮಾಡುವದೂ ತಕ್ಕದ್ದಲ್ಲ, ಅದರಲ್ಲಿ ಕೂಡುವದೂ ಇಲ್ಲ. ಆದರೆ ಪೂಜೆ ತೀರಿದ ಮೇಲೆ ಗಿಡದ ನೆರಳಿನಲ್ಲಿ ಅಜ್ಜನಿಂದ ತೊಟ್ಟಿಲಕೂಸಿನ ವರೆಗೆ ಎಲ್ಲರೂ ಒಂದೇ ಕಡೆ ಕೂತು ಉಣ್ಣುವರಲ್ಲಾ, ಅದು ಯಾವ ದೇವತೆಯ ಸೊತ್ತು? ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಪುಂಡಿ ಪಲ್ಯ, ಎಣ್ಣೆಗಾಯಿ, ಹೂರಣದ ಕಡಬು, ಮೊಸರು ಬುತ್ತಿ ಇವುಗಳನ್ನು ಹೊಲದ ಬದುವಿನಲ್ಲಿ ಕೂತು ತಿಂದ ಮಾತ್ರಕ್ಕೆ ಯಾರ ವಿಶ್ವಾಸವೂ ಕೆಡಲಾರದು. ನಾವು ಬಿಡಬೇಕಾದದ್ದನ್ನು ಬಿಟ್ಟೆವು. ಅದರ ಸಂಗಡ, ಬಿಡಬೇಕಾಗಿಲ್ಲದ್ದನ್ನೂ ಗಂಟುಕಟ್ಟಿ ಹೊರಗೆ ಹಾಕಿದೆವೋ ಏನೋ.

ಧರ್ಮೋಪದೇಶಕಾಂಡದ 16ನೆಯ ಅಧ್ಯಾಯವನ್ನು ಬಿಚ್ಚಿ ನೋಡಿರಿ. ಕಣದ ಧಾನ್ಯವೂ ದ್ರಾಕ್ಷೆಯ ರಸವೂ ಮನೆಗೆ ಬಂದ ಮೇಲೆ ಇಸ್ರಾಯೇಲರು ಏಳು ದಿವಸ ಪರ್ಣಶಾಲೆಗಳ ಹಬ್ಬವನ್ನು ಆಚರಿಸತಕ್ಕದ್ದೆಂದು ಅಲ್ಲಿ ವಿಧಿಸಲ್ಪಟ್ಟಿದೆ. ಯಾಜಕಕಾಂಡದ 23ನೆಯ ಅಧ್ಯಾಯದ ಪ್ರಕಾರ ಅವರು ಆ ದಿವಸಗಳಲ್ಲಿ ಎಲೆಗೊಂಬೆಗಳ ಗುಡಿಸಲುಗಳಲ್ಲಿ ವಾಸಮಾಡಬೇಕಾಗಿತ್ತು. ಹಬ್ಬವು ಏಳನೆಯ ತಿಂಗಳಿನ ಹದಿನೈದನೆಯ ದಿವಸದಲ್ಲಿ ಪ್ರಾರಂಭವಾಗುವದು. ಅವರ ತಿಂಗಳುಗಳು ಚಂದ್ರನನ್ನು ಅನುಸರಿಸುವದರಿಂದ ಹದಿನೈದನೆಯದು ಹುಣ್ಣಿವೆಯೇ. ಎಷ್ಟೋ ವರುಷ ಅದು ನಮ್ಮ ಸೀಗಿ ಹುಣ್ಣಿವೆಯ ಚಂದ್ರನೇ ಆಗಿರುವದು. ಅಲ್ಲಿ ಸಂತೋಷಪಡತಕ್ಕವರನ್ನು ಒಬ್ಬೊಬ್ಬರನ್ನಾಗಿ ಹೆಸರಿಸಿದೆ: ಮಗನು, ಮಗಳು, ದಾಸದಾಸಿಯರು, ಪರದೇಶಿ, ತಾಯಿತಂದೆಯಿಲ್ಲದವರು, ವಿಧವೆ. ಮನೆಯ ಯಜಮಾನನು ತಾನೊಬ್ಬನೇ ಸಂತೋಷಪಟ್ಟರೆ ಸಾಲದೆಂಬದು ಇದರಿಂದ ತಿಳಿಯುವದು.

ಹಾಗಾದರೆ ಈ ಕಾಲದಲ್ಲಿ ಒಂದು ದಿವಸವನ್ನು ಎತ್ತಿಟ್ಟು ಮಕ್ಕಳನ್ನು ಕರಕೊಂಡು ಹೊರಡಿರಿ. ಬೆಳಕು ಹರಿಯುವ ಮುಂಚೆಯೇ ಹೊರಟರೆ ಒಳ್ಳೇದು, ಯಾಕಂದರೆ ಇಬ್ಬನಿಯು ಬಿಸಿಲೇರುವ ತನಕ ಕಾಯುವದಿಲ್ಲ. ಹುಲ್ಲಿನ ಎಸಳುಗಳ ನಡುವೆ ಜೇಡವು ಕಟ್ಟಿದ ಬಲೆಗಳು ಮಿಕ್ಕ ದಿವಸಗಳಲ್ಲಿ ಕಣ್ಣಿಗೆ ಬೀಳವು. ಇಬ್ಬನಿ ಬಿದ್ದ ಮುಂಜಾನೆ ಒಂದೊಂದು ಎಳೆಯೂ ಮುತ್ತಿನ ಸರದಂತೆ ತೋರುವದು. ಇದು ಎಲ್ಲಿಂದ ಬಂತೆಂದು ಮಕ್ಕಳು ಕೇಳುವರು. ಮುಗಿಲು ಬಯಲಾದ ರಾತ್ರಿಯಲ್ಲಿ ನೆಲವೂ ಹುಲ್ಲೂ ಹಗಲಿನ ಕಾವನ್ನು ಬೇಗನೆ ಕಳಕೊಂಡು ತಣ್ಣಗಾಗುವದರಿಂದ, ಗಾಳಿಯಲ್ಲಿರುವ ನೀರಾವಿಯು ಅವುಗಳ ಮೇಲೆ ಹನಿಗಟ್ಟುವದೆಂದು ಹೇಳಿರಿ. ಮೋಡ ಕವಿದ ರಾತ್ರಿ ಆ ಕಾವು ಅಷ್ಟು ಬೇಗ ಹೋಗದೆ ಇರುವದರಿಂದ ಇಬ್ಬನಿ ಕಡಿಮೆ. ನಂಬದ ಹುಡುಗನಿದ್ದರೆ ಎರಡು ಬಗೆಯ ರಾತ್ರಿಗಳ ಮರುದಿವಸ ತಾನೇ ಎದ್ದು ಹೋಗಿ ಕಾಲಿನಿಂದ ಹುಲ್ಲನ್ನು ಮುಟ್ಟಿ ನೋಡಲಿ. ಅವನು ನಂಬದಿರುವದೂ ಒಳ್ಳೇದೇ.

ಶಿಗ್ಗಾವಿ ತಾಲೂಕಿನ ಬಂಕಾಪುರದ ಕೋಟೆಯು ನವಿಲುಗಳಿಗೆ ಹೆಸರಾಗಿದೆ. ಮಳೆಗಾಲದಲ್ಲಿ ಕುಣಿದ ಗಂಡುನವಿಲು ಆ ಮೇಲೆ ತನ್ನ ಉದ್ದ ಗರಿಗಳನ್ನು ಉದುರಿಸಿಬಿಡುವದು. ಆದದರಿಂದ ಈಗ ಅದನ್ನು ನೋಡಿದ ಮಕ್ಕಳು ಬೋಳು ನವಿಲೆಂದು ನಗುವರು. ಗರಿಗಳು ವರುಷ ವರುಷ ಹೊಸದಾಗಿ ಬರುತ್ತವೆಂದು ತಿಳಿದವರು ಗರಿಗೋಸ್ಕರ ಹಕ್ಕಿಯನ್ನು ಹಿಂಸಿಸಲಾರರು. ಸವಣೂರಿನ ದೊಡ್ಡಹುಣಸೆ ಮರಗಳು ಹುಣಸೆಯ ಜಾತಿಯವಲ್ಲ. ಅವುಗಳ ತವರು ಆಫ್ರಿಕ ಖಂಡ. ಎಂದೋ ಯಾರದೋ ಕೈಯಿಂದ ಸಮುದ್ರ ದಾಟಿ ಬಂದು ಈ ಎರೆಮಣ್ಣಿನಲ್ಲಿ ಬೇರೂರಿದವು. ಕೈಗೆ ಕೈ ಹಿಡಿದು ಎಷ್ಟು ಮಕ್ಕಳು ನಿಂತರೆ ಒಂದು ಬೊಡ್ಡೆಯ ಸುತ್ತಳತೆ ಮುಗಿಯುವದೆಂಬದನ್ನು ನಾವು ಇಲ್ಲಿ ಬರೆಯುವದಿಲ್ಲ. ಮಕ್ಕಳೇ ಎಣಿಸಿ ಬರಲಿ.

ಒಂದು ಕಠಿಣವಾದ ಮಾತನ್ನೂ ಹೇಳಬೇಕಾಗಿದೆ. ನಮ್ಮ ಮಕ್ಕಳಲ್ಲಿ ಎಷ್ಟೋ ಮಂದಿ ಹೊಲವನ್ನು ನೋಡದವರೇನೂ ಅಲ್ಲ. ದಸರೆಯ ರಜೆ ಬಂತೆಂದರೆ ಶೇಂಗಾ ಕೀಳಲಿಕ್ಕೂ ದನ ಕಾಯಲಿಕ್ಕೂ ಅವರನ್ನು ದಿವಸವಿಡೀ ಅಟ್ಟುವವರು ನಾವೇ. ತೆನೆ ಒಣಗುವ ಹೊತ್ತಿಗೆ ಅಕಾಲ ಮಳೆ ಸುರಿದರೆ ಬೆಳೆ ಹೋಯಿತು, ಸಾಲ ಉಳಿಯಿತು. ಈ ಭಯವು ಸುಳ್ಳಲ್ಲ, ಮನೆಯವರೆಲ್ಲರೂ ಕೈ ಹಚ್ಚಬೇಕಾಗುವದೆಂಬದೂ ನಿಜ. ಆದರೆ ಹೊಲವೆಂದರೆ ಬೈಗಳೂ ಬೆನ್ನುನೋವೂ ಎಂದಷ್ಟೇ ಕಲಿತ ಹುಡುಗನು ದೊಡ್ಡವನಾದ ಮೇಲೆ ಅದನ್ನು ಬಿಟ್ಟು ಓಡಿದರೆ ಆಶ್ಚರ್ಯಪಡುವದೇಕೆ? ಕೆಲಸಕ್ಕೆ ಕರಕೊಂಡು ಹೋಗುವ ದಿವಸ ಬೇರೆ, ಸಂತೋಷಕ್ಕೆ ಕರಕೊಂಡು ಹೋಗುವ ದಿವಸ ಬೇರೆ ಇರಲಿ. ಈ ಎರಡನೆಯ ದಿವಸದಲ್ಲಿ ಕುಡುಗೋಲು ಮನೆಯಲ್ಲಿಯೇ ಉಳಿಯಲಿ. ತಂದೆಯು ಒಣಕಟ್ಟಿಗೆ ಕೂಡಿಸಿ ಹಸೀ ಶೇಂಗಾ ಸುಟ್ಟುಕೊಡಲಿ. ವರುಷವಿಡೀ ಮನೆಯವರಿಗೆ ಬಡಿಸಿದ ತಾಯಿಗೆ ಆ ಹೊತ್ತು ಮಕ್ಕಳು ಬಡಿಸಲಿ.

ಸ್ವಂತ ಹೊಲವಿಲ್ಲದೆ ಕೂಲಿಯಿಂದ ಜೀವಿಸುವವರು ನಮ್ಮ ಸಭೆಗಳಲ್ಲಿ ಬಹಳ. ಅವರಿಗೆ ಕೆರೆಯ ಏರಿ ಉಂಟು. ಹೊಲವುಳ್ಳವರು ಇಂಥ ಒಂದು ಮನೆಯವರನ್ನಾಗಲಿ, ಒಬ್ಬ ವಿಧವೆಯನ್ನೂ ಆಕೆಯ ಮಕ್ಕಳನ್ನೂ ಆಗಲಿ ತಮ್ಮ ಸಂಗಡ ಕರೆದರೆ ನಾಲ್ಕು ರೊಟ್ಟಿ ಹೆಚ್ಚು ಬಡಿಯಬೇಕಾದೀತು, ಅಷ್ಟೇ.

ಮೇಲೆ ಹೇಳಿದ ತಂದೆಯ ಸಂಗಡ ನಾವು ಈ ವಿಷಯವನ್ನು ಮತ್ತೆ ಮಾತಾಡಿ, ಮುಂಚೆ ಮೆಚ್ಚಿದ್ದು ನಮ್ಮ ತಪ್ಪೆಂದು ಒಪ್ಪಿಕೊಂಡೆವು. ಆತನು ಬಹಳ ಹೊತ್ತು ಸುಮ್ಮಗಿದ್ದನು. ಮರುವರುಷ, ನೆರೆಯವರ ಪೂಜೆಯೊಂದಿಗೆ ಬೆರಕೆಯಾಗದ ಹಾಗೆ ಹುಣ್ಣಿವೆಯ ಹಿಂದಿನ ದಿವಸವನ್ನೇ ಆರಿಸಿಕೊಂಡು, ಹೆಂಡತಿ ಮಕ್ಕಳನ್ನೂ ಮುದಿತಾಯಿಯನ್ನೂ ಚಕ್ಕಡಿಯಲ್ಲಿ ಕೂಡಿಸಿಕೊಂಡು ಹೊಲಕ್ಕೆ ಹೋದನು. ಪ್ರಾರ್ಥನೆ ಮಾಡಿ ಉಂಡರು. ಮಕ್ಕಳು ಹಳ್ಳದ ನೀರಿನಲ್ಲಿ ಆಡಿದರು. ಹುಣ್ಣಿವೆಯ ಮುಂಚಿನ ದಿವಸ ಹೊತ್ತು ಮುಳುಗುವ ಮೊದಲೇ ಚಂದ್ರನು ಮೂಡುವದರಿಂದ, ಪಡುವಲಲ್ಲಿ ಕೆಂಪು ಸೂರ್ಯನನ್ನೂ ಮೂಡಲಲ್ಲಿ ಬಿಳೀ ಚಂದ್ರನನ್ನೂ ಒಂದೇ ಬದುವಿನ ಮೇಲೆ ನಿಂತು ನೋಡಿದರಂತೆ. ಮರುದಿವಸ ನೆರೆಮನೆಯ ಚಕ್ಕಡಿ ಹೊರಟಾಗ ಆ ಹುಡುಗಿಯು ಹೊಸ್ತಿಲಲ್ಲಿ ನಿಂತು, “ನಾವು ನಿನ್ನೆನ ಹೋಗಿ ಬಂದ್ವಿ!” ಎಂದು ಕೂಗಿ ಹೇಳಿದಳೆಂದು ಆಕೆಯ ಅಜ್ಜಿಯು ನಮಗೆ ತಿಳಿಸಿದಳು.