ಕಿರುಸಂದೇಶ ತಾಣಗಳಲ್ಲಿ ಖಾತೆಯ ದೃಢೀಕರಣ: ನೀಲಿ ಗುರುತು ಏನನ್ನು ಸಾರುತ್ತದೆ?

2022ರ ನವೆಂಬರ್ 10ರಂದು ಅಮೆರಿಕದ ಔಷಧ ತಯಾರಿಕಾ ಸಂಸ್ಥೆ ಎಲಿ ಲಿಲ್ಲಿಯ ಹೆಸರು ಹೊತ್ತ ಟ್ವಿಟರ್ ಖಾತೆಯೊಂದರಲ್ಲಿ, ಇನ್ಸುಲಿನ್ ಇನ್ನು ಉಚಿತವೆಂಬ ಒಂದು ಸಾಲಿನ ಸಂದೇಶ ಪ್ರಕಟವಾಯಿತು. ಹೆಸರಿನ ಪಕ್ಕದಲ್ಲಿ ನೀಲಿ ಗುರುತಿತ್ತು. ಖಾತೆ ಮಾತ್ರ ನಕಲಿ. ಸಂಸ್ಥೆಯ ನಿಜವಾದ ಖಾತೆಗೆ ‘ಲಿಲ್ಲಿಪ್ಯಾಡ್’ ಎಂಬ ಹೆಸರಿದ್ದುದರಿಂದ, ಪೂರ್ಣ ಹೆಸರುಳ್ಳ ನಕಲಿಯೇ ಅಸಲಿನಂತೆ ತೋರಿತು. ಸಂಸ್ಥೆ ಕ್ಷಮೆ ಕೋರಿ ಸ್ಪಷ್ಟನೆ ನೀಡಬೇಕಾಯಿತು. ಮರುದಿನ ಅದರ ಷೇರಿನ ಬೆಲೆ ಶೇ. 4ಕ್ಕೂ ಹೆಚ್ಚು ಇಳಿಯಿತು. ಅಂದು ಬೇರೆ ಔಷಧ ಕಂಪನಿಗಳ ಷೇರುಗಳೂ ಇಳಿದಿದ್ದವಾದ್ದರಿಂದ ಇಡೀ ನಷ್ಟವನ್ನು ಆ ಒಂದು ಸಾಲಿನ ತಲೆಗೆ ಕಟ್ಟುವುದು ನ್ಯಾಯವಲ್ಲ.

2006ರಲ್ಲಿ ಆರಂಭವಾದ ಟ್ವಿಟರ್ ಮೊಬೈಲ್ ಎಸ್ಸೆಮ್ಮೆಸ್‌ನ ಅಳತೆಗೆ ಹೊಂದಿಕೊಂಡು ರೂಪುಗೊಂಡಿತು. ಎಸ್ಸೆಮ್ಮೆಸ್‌ನ 160 ಅಕ್ಷರಗಳಲ್ಲಿ 20ನ್ನು ಬಳಕೆದಾರನ ಹೆಸರಿಗೆ ಕಾದಿರಿಸಿ, ಉಳಿದ 140ನ್ನು ಸಂದೇಶಕ್ಕೆ ನೀಡಲಾಯಿತು. 2017ರಲ್ಲಿ ಈ ಮಿತಿ 280ಕ್ಕೇರಿತು. ಕನ್ನಡದಲ್ಲಿ ಬರೆಯುವವರಿಗೆ ಲೆಕ್ಕ ತುಸು ದುಬಾರಿ: ಗುಣಿತದ ಚಿಹ್ನೆಗಳೂ ವಿರಾಮಚಿಹ್ನೆಯೂ ಪ್ರತ್ಯೇಕವಾಗಿ ಎಣಿಕೆಯಾಗುವುದರಿಂದ ‘ಸ್ತ್ರೀ’ ಎಂಬ ಒಂದೇ ಅಕ್ಷರ ಆರು ಸ್ಥಾನಗಳನ್ನು ಆಕ್ರಮಿಸುತ್ತದೆ.

ದೃಢೀಕರಣದ ಹುಟ್ಟಿಗೆ ಕಾರಣ ಒಂದು ವ್ಯಾಜ್ಯ. ಅಮೆರಿಕದ ಬೇಸ್‌ಬಾಲ್ ತಂಡದ ವ್ಯವಸ್ಥಾಪಕ ಟೋನಿ ಲಾ ರೂಸಾ ತಮ್ಮ ಹೆಸರಿನ ನಕಲಿ ಖಾತೆಯ ವಿರುದ್ಧ 2009ರಲ್ಲಿ ದಾವೆ ಹೂಡಿದರು. ಅದೇ ವರ್ಷದ ಜೂನ್‌ನಲ್ಲಿ ಟ್ವಿಟರ್ ದೃಢೀಕೃತ ಖಾತೆಗಳ ಯೋಜನೆಯನ್ನು ಪ್ರಕಟಿಸಿತು. ಆಗ ನೀಲಿ ಗುರುತು ಎರಡು ಸಂಗತಿಗಳನ್ನು ಸೂಚಿಸುತ್ತಿತ್ತು: ಖಾತೆದಾರ ತಾನು ಹೇಳಿಕೊಂಡ ವ್ಯಕ್ತಿಯೇ ಹೌದು, ಮತ್ತು ಆತ ಸಾರ್ವಜನಿಕ ಮಹತ್ತ್ವವುಳ್ಳವನು. ಮೊದಲನೆಯದು ಪರಿಶೀಲನೆಯ ವಿಷಯ, ಎರಡನೆಯದು ಪ್ರತಿಷ್ಠೆಯ ವಿಷಯ. ಇವೆರಡನ್ನೂ ಒಂದೇ ಮುದ್ರೆಯಲ್ಲಿ ಬೆರೆಸಿದ್ದೇ ಮುಂದಿನ ಗೊಂದಲಗಳ ಮೂಲ.

2022ರ ಅಕ್ಟೋಬರ್‌ನಲ್ಲಿ ಎಲಾನ್ ಮಸ್ಕ್ 44 ಶತಕೋಟಿ ಡಾಲರಿಗೆ ಟ್ವಿಟರನ್ನು ಕೊಂಡ ಬಳಿಕ ನೀಲಿ ಗುರುತು ಮಾಸಿಕ ಚಂದಾಕ್ಕೆ ದೊರೆಯತೊಡಗಿತು. ಎಲಿ ಲಿಲ್ಲಿ ಪ್ರಕರಣ ನಡೆದದ್ದು ಈ ಮಾರಾಟ ಆರಂಭವಾದ ಮರುದಿನವೇ. ಯೋಜನೆಯನ್ನು ತಡೆಹಿಡಿದು ಡಿಸೆಂಬರ್‌ನಲ್ಲಿ ಮತ್ತೆ ಜಾರಿಗೊಳಿಸುವಾಗ ವ್ಯಾಪಾರ ಸಂಸ್ಥೆಗಳಿಗೆ ಚಿನ್ನದ ಬಣ್ಣದ, ನಂತರ ಸರ್ಕಾರಿ ಖಾತೆಗಳಿಗೆ ಬೂದು ಬಣ್ಣದ ಗುರುತುಗಳನ್ನು ನೀಡಲಾಯಿತು. ಚಂದಾ ನೀಡದವರ ಹಳೆಯ ಗುರುತುಗಳನ್ನು 2023ರ ಏಪ್ರಿಲ್‌ನಲ್ಲಿ ತೆಗೆಯಲಾಯಿತು; ಜುಲೈನಲ್ಲಿ ತಾಣದ ಹೆಸರೇ ‘ಎಕ್ಸ್’ ಎಂದಾಯಿತು. ಹಣ ತೆತ್ತವರೆಲ್ಲರಿಗೂ, ಅವರು ಯಾರೆಂದು ಸಾರ್ಥಕವಾಗಿ ಪರಿಶೀಲಿಸದೆ, ‘ದೃಢೀಕೃತ’ ಎಂಬ ಮುದ್ರೆ ಒತ್ತುವುದು ಬಳಕೆದಾರರನ್ನು ದಾರಿ ತಪ್ಪಿಸುತ್ತದೆಂದು ಯುರೋಪಿಯನ್ ಆಯೋಗ ತೀರ್ಮಾನಿಸಿತು. ಇದೂ ಸೇರಿದಂತೆ ಹಲವು ಉಲ್ಲಂಘನೆಗಳಿಗಾಗಿ 2025ರ ಡಿಸೆಂಬರ್‌ನಲ್ಲಿ 12 ಕೋಟಿ ಯೂರೋ ದಂಡ ವಿಧಿಸಿತು.

ಭಾರತದ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಬೇರೊಂದು ದಾರಿ ಹಿಡಿದಿವೆ. ದೊಡ್ಡ ಸಾಮಾಜಿಕ ಜಾಲತಾಣಗಳು, ಬಯಸಿದ ಬಳಕೆದಾರರಿಗೆ ಸಕ್ರಿಯ ಭಾರತೀಯ ಮೊಬೈಲ್ ಸಂಖ್ಯೆಯೂ ಸೇರಿದಂತೆ ಸೂಕ್ತ ವಿಧಾನದಿಂದ ಗುರುತು ಸಾಬೀತುಪಡಿಸಲು ಅವಕಾಶ ಕೊಟ್ಟು, ಕಣ್ಣಿಗೆ ಕಾಣುವ ಚಿಹ್ನೆ ನೀಡಬೇಕು. 2020ರಲ್ಲಿ ಕನ್ನಡದಲ್ಲೇ ಮೊದಲು ಆರಂಭವಾದ ಬೆಂಗಳೂರಿನ ‘ಕೂ’ ಈ ಭೇದವನ್ನು ಚೆನ್ನಾಗಿ ಗ್ರಹಿಸಿತ್ತು. ಗುರುತಿನ ಚೀಟಿಯಿಂದ ಸ್ವಯಂ ದೃಢೀಕರಿಸಿಕೊಂಡವರಿಗೆ ಹಸಿರು, ಗಣ್ಯರಿಗೆ ಹಳದಿ ಗುರುತು ನೀಡುತ್ತಿತ್ತು. ಬಂಡವಾಳದ ಆಸರೆ ದೊರೆಯದೆ 2024ರ ಜುಲೈನಲ್ಲಿ ಅದು ಮುಚ್ಚಿದ್ದು ವಿಷಾದದ ಸಂಗತಿ.

ಈಗಿನ ನೀಲಿ ಗುರುತು ಖಾತೆಯ ಚಂದಾ ಪಾವತಿಯನ್ನು ಸೂಚಿಸುತ್ತದೆಯೇ ಹೊರತು ವ್ಯಾಪಾರಿಯ ಸಾಚಾತನವನ್ನಲ್ಲ. ಆದ್ದರಿಂದ ಸಂಸ್ಥೆಗಳು ತಮ್ಮ ಅಧಿಕೃತ ಖಾತೆಯ ಹೆಸರನ್ನು ಸ್ವಂತ ಅಂತರಜಾಲ ತಾಣದಲ್ಲಿ, ಬಿಲ್ಲುಗಳಲ್ಲಿ, ಲೆಟರ್‌ಹೆಡ್‌ನಲ್ಲಿ ಮುದ್ರಿಸುವುದು ಲೇಸು. ಬ್ಯಾಂಕ್ ಖಾತೆ ಬದಲಾಗಿದೆಯೆಂಬ ಸಂದೇಶ ಬಂದಲ್ಲಿ, ಅದರಲ್ಲಿರುವ ಸಂಖ್ಯೆಗಲ್ಲದೆ ಹಳೆಯ ಬಿಲ್ಲಿನಲ್ಲಿರುವ ದೂರವಾಣಿಗೆ ಕರೆ ಮಾಡಿ ವಿಚಾರಿಸಬೇಕು. ಹಣ ಈಗಾಗಲೇ ಕೈಬಿಟ್ಟಿದ್ದರೆ ತಡಮಾಡದೆ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ದೂರು ನೀಡತಕ್ಕದ್ದು.