ಕಡಲಿಗಿಳಿಯುವ ಮುನ್ನ

ಕಾವೇರಿಯಲ್ಲಿಯೂ ಸುವರ್ಣಾವತಿಯಲ್ಲಿಯೂ ಈಜು ಕಲಿತ ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ತರುಣರು, ಮುರ್ಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದ ಸುತ್ತಣ ನಿರ್ಮಲ ಜಲದಲ್ಲಿ ಹವಳವನ್ನೂ ಮತ್ಸ್ಯಸಮೂಹವನ್ನೂ ಕಾಣಬೇಕೆಂದು ಹಂಬಲಿಸುವುದು ಸಂತೋಷದ ಸಂಗತಿಯೇ. ಆದರೆ ಹಣ ತೆರುವ ಮೊದಲು ಸಲಕರಣೆಗಳ ವಿಷಯದಲ್ಲಿ ಎರಡು ಮಾತು ಕೇಳಬೇಕೆಂದು ವಿಜ್ಞಾಪಿಸುತ್ತೇನೆ.

ಮುಖ್ಯವಾದದ್ದು ಮಾಸ್ಕು. ನೀರಿನ ಒತ್ತಡವು 10 ಮೀಟರ್ ಆಳದಲ್ಲಿಯೇ ಮೇಲ್ಮೈಯ ಇಮ್ಮಡಿಯಾಗುವುದರಿಂದ, ಮೂಗನ್ನು ಒಳಗೊಳ್ಳದ ಈಜುಕೊಳದ ಕನ್ನಡಕದೊಳಕ್ಕೆ ಉಸಿರೂದಿ ಅದನ್ನು ಸರಿದೂಗಿಸಲಾಗದೆ ಕಣ್ಣು ಹಿಂಡಿದಂತಾಗಿ ಕೆಂಪೇರುವುದು. ಆದಕಾರಣ ಮೂಗನ್ನೂ ಮುಚ್ಚುವ, ಮೃದುವಾದ ಸಿಲಿಕೋನ್ ಅಂಚುಳ್ಳ ಮಾಸ್ಕನ್ನು ಆರಿಸಿ, ಪಟ್ಟಿಯನ್ನು ತಲೆಗೆ ಸಿಕ್ಕಿಸದೆ ಮುಖಕ್ಕೊತ್ತಿ, ಮೂಗಿನಿಂದ ಮೆಲ್ಲಗೆ ಉಸಿರೆಳೆದು ಕೈಬಿಡಿರಿ. ಬೀಳದೆ ನಿಂತರೆ ಅದು ನಿಮ್ಮ ಮುಖಕ್ಕೆ ಒಪ್ಪುವಂಥದು. ಹಣೆಗಿಳಿದ ಒಂದೆಳೆ ಕೂದಲು ಅಂಚಿನಡಿ ಸಿಲುಕಿದರೂ ನೀರು ಒಸರುತ್ತದೆ, ಮೀಸೆಯುಳ್ಳವರಿಗಂತೂ ಈ ತೊಂದರೆ ಅಧಿಕ.

ಸ್ನಾರ್ಕೆಲ್ ಕೊಳವೆ ಉದ್ದವಾದಷ್ಟೂ ಲೇಸೆಂಬ ಭ್ರಮೆ ಬೇಡ; ಮೊಳವನ್ನು ಮೀರಿದರೆ ಬಿಟ್ಟ ಉಸಿರೇ ಅದರೊಳಗುಳಿದು ಮರಳಿ ಎದೆಗೆ ಸೇರುವುದು. ಕಾಲಿಗೆ ತೊಡುವ ಫಿನ್ನುಗಳು ಹಿಮ್ಮಡಿಯನ್ನು ಉಜ್ಜದಿದ್ದರೆ ಸಾಕು. ಸಿಲಿಂಡರು, ರೆಗ್ಯುಲೇಟರು, ತೇಲುವ ಜಾಕೀಟುಗಳನ್ನು ಹೊಸಬರು ಕೊಳ್ಳಬೇಕಾಗಿಲ್ಲ, ಕಲಿಸುವವರೇ ಒದಗಿಸುವರು. ಸಿಲಿಂಡರಿನ ಗಾಳಿಯನ್ನು ಸೇವಿಸುವಾಗ ಉಸಿರನ್ನು ಎಂದಿಗೂ ಬಿಗಿಹಿಡಿಯಬೇಡಿ, ಮೇಲೇರುವಾಗ ಹಿಗ್ಗುವ ಗಾಳಿಯು ಶ್ವಾಸಕೋಶವನ್ನೇ ಹರಿದೀತು.

ಇವನ್ನೆಲ್ಲ ಭರಚುಕ್ಕಿ ಜಲಪಾತದ ಕೆಳಗಣ ಮಡುವುಗಳಲ್ಲಿ ಪರೀಕ್ಷಿಸಲು ಹೋಗದಿರಿ ಎಂದು ಕೈಮುಗಿದು ಬೇಡುತ್ತೇನೆ. ಅಲ್ಲಿಯ ಸುಳಿಗೂ ಬಂಡೆಯ ಸಂದುಗಳಿಗೂ ಈ ಸಾಧನಗಳು ಉತ್ತರವಲ್ಲ. ಮಳೆಗಾಲದಲ್ಲಿ ಕಡಲು ಕದಡಿರುವುದರಿಂದ ಪ್ರಯಾಣವನ್ನು ದಸರೆಯ ನಂತರಕ್ಕೆ ಇರಿಸಿಕೊಳ್ಳಿ.