ಅಡಿ ಬೇಡ, ಟಿಎಂಸಿ ತೋರಿಸು

ಮಗಳೇ,

ಕೆಆರ್‌ಎಸ್ ನೀರಿನ ಮಟ್ಟದ ಚಾರ್ಟ್ ತಲುಪಿತು. ರೈತರ ಸಭೆಯಲ್ಲಿ ತೋರಿಸಲೆಂದು ದಿನದಿನದ ಅಂಕಿಗಳನ್ನು ಎಕ್ಸೆಲ್‌ಗೆ ತುಂಬಿ ಇಷ್ಟು ಶ್ರದ್ಧೆಯಿಂದ ಮಾಡಿದ್ದೀಯಲ್ಲ, ಬಹಳ ಸಂತೋಷವಾಯಿತು. ಬಣ್ಣ, ಅಕ್ಷರದ ಮಾತು ಆಮೇಲೆ. ಯಾವ ಕಾಲಂ ಆರಿಸಿ ಚಾರ್ಟ್ ಮಾಡಬೇಕು ಅನ್ನುವುದನ್ನು ಮೊದಲು ಕೂತು ಯೋಚಿಸು.

ನೀನು ಆರಿಸಿರುವುದು ಅಡಿ ಲೆಕ್ಕ. ಪತ್ರಿಕೆಗಳಲ್ಲಿ ಬರುವುದೂ ಅದೇ, ಊರವರ ಬಾಯಲ್ಲಿರುವುದೂ ಅದೇ. ಅಣೆಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ, ಆಗ ಸಂಗ್ರಹ 49.45 ಟಿಎಂಸಿ. ನೀರು 100 ಅಡಿಗೆ ಇಳಿದ ದಿನವೂ ನಿನ್ನ ಚಾರ್ಟಿನ ಕಂಬ ಐದರಲ್ಲಿ ನಾಲ್ಕು ಪಾಲು ಎತ್ತರ ನಿಂತಿದೆ. ನೋಡಿದವರು ‘ಇನ್ನೂ ಬೇಕಾದಷ್ಟಿದೆ’ ಎಂದುಕೊಳ್ಳುತ್ತಾರೆ. ಆದರೆ ಅಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ನೀರು ಹೊರಟುಹೋಗಿರುತ್ತದೆ. ಬಾಣಲೆಯ ಹಾಗೆ ಜಲಾಶಯವೂ ಮೇಲೆ ಹೋದಷ್ಟು ಅಗಲ. ಮೇಲಿನ ಒಂದು ಅಡಿಯಲ್ಲಿ ನಿಲ್ಲುವಷ್ಟು ನೀರು ತಳದ ಒಂದು ಅಡಿಯಲ್ಲಿ ನಿಲ್ಲುವುದಿಲ್ಲ. ತೀರಾ ತಳದ ನೀರಂತೂ ನಾಲೆಗೆ ಹತ್ತುವುದೇ ಇಲ್ಲ. ಆ ಕಂಬಗಳನ್ನು ನಂಬಿ ಮಂಡ್ಯ ಕಡೆಯ ರೈತನೊಬ್ಬ ಭತ್ತಕ್ಕೆ ಒಟ್ಲು ಬಿಟ್ಟುಬಿಟ್ಟರೆ ಅವನ ಗತಿಯೇನು? ಅಂಕಿ ಒಂದೂ ತಪ್ಪಿಲ್ಲ, ಆದರೂ ಚಾರ್ಟ್ ದಾರಿ ತಪ್ಪಿಸುತ್ತದೆ. ದಿನದ ವರದಿಯಲ್ಲಿ ಸಂಗ್ರಹದ ಅಂಕಿಯೂ ಪಕ್ಕದಲ್ಲೇ ಇರುತ್ತದೆ. ಅದನ್ನು ತೆಗೆದುಕೋ.

ಕಂಬಗಳ ಬದಲು ಗೆರೆ ಎಳೆ. ದಿನಕ್ಕೊಂದು ಕಂಬ ನಿಲ್ಲಿಸಿದರೆ ಬೇಲಿ ಕಾಣುತ್ತದೆಯೇ ಹೊರತು ಏರಿಳಿತ ಕಾಣುವುದಿಲ್ಲ. ಜನವರಿಯಿಂದ ಶುರು ಮಾಡಬೇಡ, ಜೂನ್‌ನಿಂದ ಮೇವರೆಗೆ ಇಡು. ಮುಂಗಾರಿನಲ್ಲಿ ತುಂಬುವುದು, ಬೇಸಿಗೆಯಲ್ಲಿ ಇಳಿಯುವುದು ಎರಡೂ ಒಂದೇ ಗೆರೆಯಲ್ಲಿ ಬರುತ್ತವೆ. ಹಿಂದಿನ ನಾಲ್ಕೈದು ವರ್ಷಗಳಿಗೆ ಒಂದೊಂದು ಕಾಲಂ ಕೊಟ್ಟು, ಅವುಗಳ ಗೆರೆಯನ್ನು ತೆಳು ಬೂದು ಬಣ್ಣದಲ್ಲೂ ಈ ವರ್ಷದ್ದನ್ನು ದಪ್ಪಗೂ ಹಾಕು. ಈ ಸಲ ಹೇಗಿದೆ ಎಂದು ಯಾರೂ ನಿನ್ನನ್ನು ಕೇಳಬೇಕಾಗುವುದಿಲ್ಲ.

ನಿಂತ ಅಕ್ಷದ ಕೆಳಗಿನ ಮಿತಿ ಸೊನ್ನೆ ಇರಲಿ, ಮೇಲಿನದು 50. ಎಕ್ಸೆಲ್‌ಗೇ ಬಿಟ್ಟರೆ ಅದು 60ರವರೆಗೂ ಎಳೆದೀತು, ಆಗ ತುಂಬಿದ ಅಣೆಕಟ್ಟೆಯೂ ಬಾಕಿ ಇದ್ದಂತೆ ಕಾಣುತ್ತದೆ. ಒಳಹರಿವಿನ ಕ್ಯೂಸೆಕ್ ಲೆಕ್ಕವನ್ನು ಇದೇ ಚಾರ್ಟಿನ ಬಲಕ್ಕೆ ಇನ್ನೊಂದು ಅಕ್ಷ ಹಾಕಿ ತುರುಕಬೇಡ. ಎರಡು ಗೆರೆ ಎಲ್ಲಿ ಒಂದನ್ನೊಂದು ದಾಟುತ್ತವೋ ಅಲ್ಲೇನೋ ನಡೆದಿದೆ ಎಂದು ಜನ ತಿಳಿಯುತ್ತಾರೆ, ಅಲ್ಲಿ ಏನೂ ನಡೆದಿರುವುದಿಲ್ಲ. ಬೇಕಿದ್ದರೆ ಕೆಳಗೆ ಬೇರೆ ಚಾರ್ಟ್ ಮಾಡು.

ಇನ್ನು ಶೀಟಿನ ವಿಷಯ. ತಾರೀಖಿನ ಕಾಲಂ ನೋಡು: ಕೆಲವು ಸೆಲ್‌ನ ಎಡಕ್ಕಿವೆ, ಕೆಲವು ಬಲಕ್ಕೆ. ಎಡಕ್ಕಿರುವವನ್ನು ಎಕ್ಸೆಲ್ ತಾರೀಖೆಂದು ಒಪ್ಪಿಲ್ಲ, ಬರೀ ಅಕ್ಷರ ಎಂದುಕೊಂಡಿದೆ. ಕಂಪ್ಯೂಟರ್‌ನ ಸೆಟ್ಟಿಂಗ್ ಅಮೆರಿಕದ್ದಾಗಿದ್ದರೆ ಹೀಗಾಗುತ್ತದೆ. ಜುಲೈ 5 ಎಂದು ನೀನು 05-07 ಬರೆದರೆ ಅದು ಮೇ 7 ಎಂದು ಓದುತ್ತದೆ. 13-07 ಬಂದಾಗ ಹದಿಮೂರನೇ ತಿಂಗಳು ಇಲ್ಲವಲ್ಲ, ಕೈಬಿಡುತ್ತದೆ. ಹಾಗಾಗಿ ಬಲಕ್ಕಿರುವವೂ ಸರಿ ಎಂದು ನಂಬುವಂತಿಲ್ಲ, ಭಯ ಇರುವುದೇ ಅಲ್ಲಿ. ಸೆಟ್ಟಿಂಗ್ ಸರಿಮಾಡಿಕೊಂಡು ಮೂಲದಿಂದ ಮತ್ತೆ ತುಂಬಿಕೋ, ಬೇಜಾರು ಮಾಡಿಕೊಳ್ಳಬೇಡ. ಅಂಕಿಯಿರುವ ಸೆಲ್‌ನಲ್ಲೇ ‘ಟಿಎಂಸಿ’ ಎಂದೂ ಬರೆದರೆ ಅದೂ ಅಕ್ಷರವಾಗಿ, ಚಾರ್ಟಿನಲ್ಲಿ ಸೊನ್ನೆಯಾಗುತ್ತದೆ. ಅಳತೆಯ ಹೆಸರು ಕಾಲಂನ ತಲೆಯಲ್ಲಿ ಒಮ್ಮೆ ಇದ್ದರೆ ಸಾಕು. ಮಾಹಿತಿ ಸಿಗದ ದಿನಕ್ಕೆ ಸೊನ್ನೆ ಹಾಕದೆ ಖಾಲಿ ಬಿಡು. ಇಲ್ಲದಿದ್ದರೆ ಗೆರೆ ತಳಕ್ಕೆ ಬಿದ್ದು ಮರುದಿನವೇ ಎದ್ದು ನಿಲ್ಲುತ್ತದೆ.

ವರ್ಷದ ಹೆಸರನ್ನು ಆಯಾ ಗೆರೆಯ ತುದಿಯಲ್ಲೇ ಬರೆ. ಸಭೆಯಲ್ಲಿ ಜೆರಾಕ್ಸ್ ಹಂಚಿದರೆ ಬಣ್ಣ ಉಳಿಯುವುದಿಲ್ಲ, ಪಕ್ಕದಲ್ಲಿ ಬಣ್ಣದ ಪಟ್ಟಿ ಇದ್ದೂ ಪ್ರಯೋಜನವಿಲ್ಲ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ ಎಂದು ಕೆಳಗೊಂದು ಸಾಲು ಇರಲಿ. ಅಂಕಿ ಎಲ್ಲಿಂದ ತಂದೆ, ಯಾವ ತಾರೀಖಿನವರೆಗಿನದು ಎಂಬುದನ್ನೂ ಅಲ್ಲೇ ಸೇರಿಸಿ, ಸಭೆಗೆ ಮುಂಚೆ ನನಗೊಮ್ಮೆ ಕಳಿಸು.